ಪ್ರಶ್ನೋತ್ತರ: ಆಲ್ವಿನ್ ಪ್ಲಾಂಟಿಂಗ ದೇವರನ್ನು ಸಾಬೀತು ಮಾಡಿದರೇ?

ಪ್ರಶ್ನೆ:
ನಮಸ್ಕಾರ ಸರ್. ಮೊನ್ನೆ ಯೂಟ್ಯೂಬ್‌ನಲ್ಲಿ ಆಸ್ತಿಕ-ನಾಸ್ತಿಕ ವಾಗ್ವಾದವೊಂದನ್ನು ನೋಡುತ್ತಿದ್ದೆ. ಲೋಕದಲ್ಲಿ ಇಷ್ಟು ಕೇಡಿರುವಾಗ ದೇವರು ಹೇಗಿರಲು ಸಾಧ್ಯ ಅಂತ ಒಬ್ಬರು ಕೇಳಿದರು. ಇನ್ನೊಬ್ಬರು, "ಆ ವಾದವನ್ನು ಪ್ಲಾಂಟಿಂಗ ಎಂದೋ ಮುಗಿಸಿಯಾಗಿದೆ" ಅಂದುಬಿಟ್ಟರು. ಹುಡುಕಿದರೆ ಅಮೆರಿಕದ ಕ್ಯಾಲ್ವಿನ್ ಪಂಥದ ತತ್ವಜ್ಞಾನಿ ಅಂತ ಗೊತ್ತಾಯಿತು. ಅವರು ನಿಜವಾಗಿಯೂ ದೇವರಿದ್ದಾನೆ ಅಂತ ಸಾಬೀತು ಮಾಡಿದ್ದಾರಾ? ನಾನು ಕ್ರೈಸ್ತನಲ್ಲ, ತತ್ವಶಾಸ್ತ್ರ ಓದಿದವನೂ ಅಲ್ಲ. ದಯವಿಟ್ಟು ನನಗೆ ಅರ್ಥವಾಗುವ ಹಾಗೆ ಹೇಳಿ.

ಉತ್ತರ:
ನಮಸ್ಕಾರ. ಇಲ್ಲ, ಸಾಬೀತು ಮಾಡಿಲ್ಲ. ಮಾಡಿದ್ದೇನೆ ಅಂತ ಅವರೂ ಹೇಳಿಕೊಂಡಿಲ್ಲ. ದೇವರ ಅಸ್ತಿತ್ವಕ್ಕೆ ಒಂದು ಪ್ರಸಿದ್ಧ ತರ್ಕವನ್ನು 1974ರಲ್ಲಿ ಹೊಸದಾಗಿ ಕಟ್ಟಿಕೊಟ್ಟರು. ಅಲ್ಲೂ ಇದರಿಂದ ದೇವರಿದ್ದಾನೆ ಎಂಬುದು ಸಿದ್ಧವಾಗುವುದಿಲ್ಲ, ಹಾಗೆ ನಂಬುವುದು ವಿವೇಕಕ್ಕೆ ವಿರುದ್ಧವಲ್ಲ ಎಂಬುದಷ್ಟೇ ಸಿದ್ಧವಾಗುತ್ತದೆ ಎಂದು ತಾವೇ ಬರೆದಿದ್ದಾರೆ. ಅವರ ಬದುಕಿನ ಕೆಲಸವೆಲ್ಲ ಬೇರೊಂದು ಪ್ರಶ್ನೆಯ ಸುತ್ತ ನಡೆದದ್ದು: ದೇವರನ್ನು ನಂಬಲು ಮೊದಲು ಪುರಾವೆ ಕೊಡಲೇಬೇಕು ಎಂಬ ಷರತ್ತು ಹಾಕಿದವರು ಯಾರು?

ಹುಟ್ಟಿದ್ದು 1932ರ ನವೆಂಬರ್ 15ರಂದು, ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ. ತಂದೆ ಕಾರ್ನೀಲಿಯಸ್, ನೆದರ್‌ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್‌ನಿಂದ ವಲಸೆ ಬಂದವರು, ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಮನೆಯವರೆಲ್ಲ ಡಚ್ ವಲಸಿಗರು 1857ರಲ್ಲಿ ಕಟ್ಟಿಕೊಂಡ ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚಿಗೆ ಸೇರಿದವರು. ಇವರದು ಪಕ್ಕಾ ಕ್ಯಾಲ್ವಿನ್ ಪರಂಪರೆ, ಅಂದರೆ ಹದಿನಾರನೇ ಶತಮಾನದ ಸುಧಾರಕ ಜಾನ್ ಕ್ಯಾಲ್ವಿನ್‌ನ ಹಾದಿ ಹಿಡಿದ ಪ್ರಾಟೆಸ್ಟಂಟರು. ಆದರೆ ಓದಿಗೆ ಹೆದರುವ ಜನ ಇವರಲ್ಲ. ನೆದರ್‌ಲೆಂಡ್ಸ್‌ನಲ್ಲಿ ಈ ಪಂಥದ ನಾಯಕರಾಗಿದ್ದ ಅಬ್ರಹಾಂ ಕೈಪರ್ 1880ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ವಿಶ್ವವಿದ್ಯಾಲಯ ಕಟ್ಟಿದರು, ಆಮೇಲೆ ದೇಶದ ಪ್ರಧಾನಿಯೂ ಆದರು. ನಂಬಿಕೆ ಭಾನುವಾರಕ್ಕೆ ಮಾತ್ರ, ಸೋಮವಾರ ವಿಜ್ಞಾನ ಮತ್ತು ರಾಜಕೀಯ ಎಂಬ ವಿಂಗಡಣೆ ಅವರಿಗೆ ಒಪ್ಪಿಗೆಯಿರಲಿಲ್ಲ. ಈ ಹಿನ್ನೆಲೆ ಬಿಟ್ಟು ಪ್ಲಾಂಟಿಂಗರನ್ನು ಓದಿದರೆ ಅವರು ಬರೀ ತರ್ಕದ ಕಸರತ್ತು ಮಾಡುವವರಂತೆ ಕಾಣುತ್ತಾರೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಅಂದರೆ ಮನೆಯಲ್ಲಿ ಕಲಿತದ್ದನ್ನೇ ಕೊನೆಯವರೆಗೂ ಸಮರ್ಥಿಸಿಕೊಂಡರು ಅಂತಲೇ? ಅನುಮಾನವೇ ಬರಲಿಲ್ಲವೇ?

ಉತ್ತರ:
ಬಂತು. 1950ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಹಾರ್ವರ್ಡ್‌ಗೆ ಹೋದರು, ಆಗಿನ್ನೂ ಹದಿನೇಳು ತುಂಬಿತ್ತಷ್ಟೆ. ತಮ್ಮ ನಂಬಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳದ ಬುದ್ಧಿವಂತರು ಅಷ್ಟೊಂದು ಮಂದಿ ಒಟ್ಟಿಗೆ ಎದುರಾದದ್ದು ಅಲ್ಲೇ. ಇಷ್ಟು ದಿನ ನಂಬಿದ್ದು ನಿಜವೋ ಸುಳ್ಳೋ ಎಂಬ ಗೊಂದಲಕ್ಕೆ ಬಿದ್ದರು.

ಆಮೇಲಿನದನ್ನು ಅವರೇ ಬರೆದಿದ್ದಾರೆ. ಒಂದು ಸಂಜೆ ಊಟ ಮುಗಿಸಿಕೊಂಡು ಗ್ರಂಥಾಲಯದ ಪಕ್ಕದಿಂದ ಹಾಸ್ಟೆಲ್ ಕಡೆಗೆ ಹೊರಟಿದ್ದರು. ರೂಮು ಐದನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೇಲಿನ ಮಹಡಿಯ ರೂಮುಗಳಿಗೆ ಬಾಡಿಗೆ ಕಡಿಮೆಯಾದ್ದರಿಂದ ವಿದ್ಯಾರ್ಥಿವೇತನದ ಹುಡುಗರೆಲ್ಲ ಅಲ್ಲೇ. ಕತ್ತಲು, ಗಾಳಿ, ಜಡಿಮಳೆ. ಇದ್ದಕ್ಕಿದ್ದ ಹಾಗೆ ಸ್ವರ್ಗವೇ ತೆರೆದುಕೊಂಡಂತಾಯಿತಂತೆ: ಅಪಾರವಾದ ಸಂಗೀತ, ಅಪಾರವಾದ ಬೆಳಕು, ದೇವರು ನಿಜಕ್ಕೂ ಇದ್ದಾನೆ ಎಂಬ ಗಟ್ಟಿ ಅನಿಸಿಕೆ. ದೇವರ ಬಗೆಗಿನ ವಾದಗಳಲ್ಲಿ ಆಸಕ್ತಿ ಉಳಿದಿತ್ತು, ಆದರೆ ಅವು ಎಷ್ಟೋ ಸಲ ಬರೀ ಪುಸ್ತಕದ ಚರ್ಚೆಯಂತೆ ಕಾಣತೊಡಗಿದವು ಎನ್ನುತ್ತಾರೆ.

ನೀವು ಇದನ್ನು ನಂಬಬೇಕೆಂದಿಲ್ಲ. ಅವರೂ ಇದನ್ನು ಯಾರ ಮುಂದೆಯೂ ಪುರಾವೆಯಾಗಿ ಇಟ್ಟಿಲ್ಲ. ಆದರೆ ಮುಂದೆ ಅವರು ಕಟ್ಟಿದ ಸಿದ್ಧಾಂತದ ಬೇರು ಇಲ್ಲಿದೆ ಅಂತ ನನ್ನ ಅನಿಸಿಕೆ. ವಾದದ ಬಾಗಿಲಿನಿಂದ ಬರದ ನಂಬಿಕೆಗೂ ಮರ್ಯಾದೆ ಇರಬಹುದೇ ಎಂದು ಅವರು ಬದುಕಿಡೀ ಕೇಳಿದರು.

ಎರಡನೆಯ ಘಟನೆಯಲ್ಲಿ ಯಾವ ಪವಾಡವೂ ಇಲ್ಲ. ವಸಂತದ ರಜೆಗೆ ಊರಿಗೆ, ಗ್ರ್ಯಾಂಡ್ ರಾಪಿಡ್ಸ್‌ಗೆ ಬಂದಾಗ ಅಲ್ಲಿನ ಕ್ಯಾಲ್ವಿನ್ ಕಾಲೇಜಿನಲ್ಲಿ ಹ್ಯಾರಿ ಯೆಲೆಮಾ ಎಂಬ ಮೇಷ್ಟ್ರ ನೀತಿಶಾಸ್ತ್ರದ ತರಗತಿಗಳಲ್ಲಿ ಹೋಗಿ ಕುಳಿತರು. ಆಧುನಿಕರು ಎತ್ತುವ ಆಕ್ಷೇಪಗಳು ಯಾವ ಪಕ್ಷಕ್ಕೂ ಸೇರದ ಶುದ್ಧ ವಿವೇಕದಿಂದ ಬಂದವಲ್ಲ, ಅವುಗಳ ಹಿಂದೆಯೂ ಒಂದು ನಿಷ್ಠೆ ಇದೆ ಎಂದು ಯೆಲೆಮಾ ತೋರಿಸುತ್ತಿದ್ದರು. ಹುಡುಗ ಹಾರ್ವರ್ಡ್ ಬಿಟ್ಟು ಊರಿನ ಕಾಲೇಜಿಗೆ ವಾಪಸ್ ಬಂದ. ಯೇಲ್‌ನಲ್ಲಿ ಪಿಎಚ್‌ಡಿ ಮುಗಿಸಿ, ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್‌ನಲ್ಲಿ ಕೆಲವು ವರ್ಷ ಪಾಠ ಮಾಡಿ, 1963ರಲ್ಲಿ ಯೆಲೆಮಾ ನಿವೃತ್ತರಾದಾಗ ಅವರದೇ ಜಾಗಕ್ಕೆ ಬಂದ. 1982ರಿಂದ 2010ರವರೆಗೆ ನೋಟರ್ ಡೇಮ್‌ನಲ್ಲಿದ್ದರು. ಅದು ಕ್ಯಾಥೊಲಿಕರ ವಿಶ್ವವಿದ್ಯಾಲಯ, ಇವರು ಕ್ಯಾಲ್ವಿನ್ ಪಂಥದವರು. ನಾನೂರು ವರ್ಷ ಹಿಂದಾಗಿದ್ದರೆ ಊಹಿಸುವುದೂ ಕಷ್ಟ.

ಇನ್ನೊಬ್ಬ ಸದಸ್ಯೆ:
ಸರ್, ಆ ಕೇಡಿನ ವಾದದ ವಿಷಯ ಹಾಗೇ ಉಳಿಯಿತು. ಅದನ್ನು ಮುಗಿಸಿದರು ಅನ್ನುವುದು ಎಷ್ಟು ನಿಜ?

ಉತ್ತರ:
ಅರ್ಧ ನಿಜ ಮೇಡಂ. ಯಾವ ಅರ್ಧ ಅನ್ನುವುದು ಮುಖ್ಯ.

1955ರಲ್ಲಿ ಜೆ.ಎಲ್. ಮ್ಯಾಕಿ ಎಂಬ ಆಸ್ಟ್ರೇಲಿಯಾದ ತತ್ವಜ್ಞಾನಿ ಹೀಗೆ ಬರೆದರು: ದೇವರು ಸರ್ವಶಕ್ತ, ದೇವರು ಸಂಪೂರ್ಣ ಒಳ್ಳೆಯವನು, ಲೋಕದಲ್ಲಿ ಕೇಡಿದೆ, ಈ ಮೂರೂ ಒಟ್ಟಿಗೆ ನಿಲ್ಲಲಾರವು. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದರಿಂದ ಕೇಡು ಬಂತು ಎನ್ನುವವರಿಗೂ ಅವರ ಬಳಿ ಉತ್ತರವಿತ್ತು. ಸ್ವತಂತ್ರವಾಗಿದ್ದುಕೊಂಡೇ ಒಮ್ಮೆ ಒಳ್ಳೆಯದನ್ನು ಆರಿಸುವುದು ಸಾಧ್ಯವಾದರೆ, ಯಾವಾಗಲೂ ಒಳ್ಳೆಯದನ್ನೇ ಆರಿಸುವ ಜನರನ್ನು ಸರ್ವಶಕ್ತ ದೇವರು ಏಕೆ ಸೃಷ್ಟಿಸಲಿಲ್ಲ?

ಪ್ಲಾಂಟಿಂಗ ಇದಕ್ಕೆ ಒಂದು ತಮಾಷೆಯ ಕಥೆ ಕಟ್ಟಿದರು. ಬಾಸ್ಟನ್‌ನ ಮೇಯರ್ ಕರ್ಲಿ ಹೊಸ ಹೆದ್ದಾರಿಯೊಂದಕ್ಕೆ ಅಡ್ಡಗಾಲು ಹಾಕಿದ್ದಾನೆ. ಹೆದ್ದಾರಿ ಇಲಾಖೆಯ ಮುಖ್ಯಸ್ಥ 35,000 ಡಾಲರ್ ಲಂಚ ಕೊಡುತ್ತಾನೆ, ಮೇಯರ್ ತಕರಾರಿಲ್ಲದೆ ಜೇಬಿಗಿಳಿಸುತ್ತಾನೆ. ಆಮೇಲೆ ಲಂಚ ಕೊಟ್ಟವನಿಗೇ ರಾತ್ರಿಯಿಡೀ ನಿದ್ದೆಯಿಲ್ಲ: 20,000ಕ್ಕೇ ಒಪ್ಪುತ್ತಿದ್ದನೇನೋ! (ನಮ್ಮ ಕಾಂಟ್ರ್ಯಾಕ್ಟರುಗಳಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.)

ಕಥೆಯ ಗುಟ್ಟು ಇಷ್ಟೇ. 20,000 ಕೊಟ್ಟಿದ್ದರೆ ಕರ್ಲಿ ಸ್ವಂತ ಇಚ್ಛೆಯಿಂದ ಏನು ಮಾಡುತ್ತಿದ್ದ ಎಂಬುದು ಕರ್ಲಿಯ ಕೈಲಿದೆ. ದೇವರು ಅವನಿಂದ "ಬೇಡ" ಎನ್ನಿಸಿದರೆ ಅದು ಕರ್ಲಿಯ ಆಯ್ಕೆಯಾಗಿ ಉಳಿಯುವುದಿಲ್ಲ. ಹಾಗಾಗಿ ತರ್ಕಕ್ಕೆ ಸಾಧ್ಯವಾದ ಕೆಲವು ಲೋಕಗಳನ್ನು ಸರ್ವಶಕ್ತನೂ ತಾನೊಬ್ಬನೇ ಆಗುಮಾಡಲಾರ, ಅವುಗಳಲ್ಲಿರುವ ಸ್ವತಂತ್ರ ಜೀವಿಗಳ ಸಹಕಾರ ಬೇಕು. ಎಲ್ಲ ಮನುಷ್ಯರೂ ಎಲ್ಲೋ ಒಂದು ಕಡೆ ತಪ್ಪು ಮಾಡಿಯೇ ತೀರುವಂಥವರಾಗಿರುವುದು ಸಾಧ್ಯವಾದರೆ ಸಾಕು, ಮ್ಯಾಕಿಯ ವಿರೋಧಾಭಾಸ ಬಿದ್ದುಹೋಗುತ್ತದೆ. ಮ್ಯಾಕಿಯ ಕೊನೆಯ ಪುಸ್ತಕ ಅವರು ತೀರಿಕೊಂಡ ಮೇಲೆ, 1982ರಲ್ಲಿ ಬಂತು. ಕೇಡಿನ ಸಮಸ್ಯೆಯಿಂದ ಆಸ್ತಿಕರ ಮೂಲ ನಂಬಿಕೆಗಳು ಒಂದಕ್ಕೊಂದು ವಿರುದ್ಧ ಎಂದು ತೋರಿಸಲಾಗದು ಎಂದು ಅದರಲ್ಲಿ ಅವರೂ ಒಪ್ಪಿಕೊಂಡರು. ಆ ವಾಗ್ವಾದದಲ್ಲಿ ಹೇಳಿದ್ದು ಈ ಅರ್ಧದ ಬಗ್ಗೆ.

ಉಳಿದರ್ಧ ಇನ್ನೂ ಮುಗಿದಿಲ್ಲ. ಅಮೆರಿಕದ ತತ್ವಜ್ಞಾನಿ ವಿಲಿಯಂ ರೋ 1979ರಲ್ಲಿ ಪ್ರಶ್ನೆಯನ್ನೇ ಬದಲಾಯಿಸಿದರು. ದಟ್ಟ ಕಾಡಿನಲ್ಲಿ ಸಿಡಿಲಿನಿಂದ ಬೆಂಕಿ ಹತ್ತಿಕೊಳ್ಳುತ್ತದೆ. ಒಂದು ಜಿಂಕೆಮರಿ ಸುಟ್ಟು, ದಿನಗಟ್ಟಲೆ ನರಳಿ ಸಾಯುತ್ತದೆ. ಯಾರೂ ನೋಡಲಿಲ್ಲ, ಯಾರಿಗೂ ಪಾಠವಾಗಲಿಲ್ಲ. ಇದು ವಿರೋಧಾಭಾಸ ಅಂತ ರೋ ಹೇಳುವುದಿಲ್ಲ, ದೇವರಿಲ್ಲ ಎನ್ನಲು ಇದು ಒಳ್ಳೆಯ ಕಾರಣ ಎನ್ನುತ್ತಾರೆ ಅಷ್ಟೆ. ಇದಕ್ಕೆ ಕರ್ಲಿಯ ಲಂಚದ ಕಥೆ ನೆರವಾಗದು. ಭೂಕಂಪ, ಕಾಯಿಲೆಗಳಂಥ ಕೇಡಿಗೆ ಸೈತಾನನಂಥ ಅದೃಶ್ಯ ಜೀವಿಗಳ ಸ್ವೇಚ್ಛೆ ಕಾರಣವಾಗಿರುವುದು "ಸಾಧ್ಯ" ಎಂದು ಪ್ಲಾಂಟಿಂಗ ಹೇಳಿದಾಗ ನಕ್ಕವರು ಬಹಳ. ವಿರೋಧಾಭಾಸ ಇಲ್ಲ ಎಂದು ತೋರಿಸಲು ಅಷ್ಟು ಸಾಕು, ನಿಜ. ಮನಸ್ಸು ಒಪ್ಪಲು ಸಾಲದು.

ಇನ್ನೊಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. ನೋವಿನಲ್ಲಿರುವವರಿಗೆ ಈ ವಾದದಿಂದ ಸಮಾಧಾನ ಸಿಗದು, ಅಂಥವರಿಗೆ ಬೇಕಾದದ್ದು ತತ್ವಶಾಸ್ತ್ರವಲ್ಲ, ಜೊತೆಗೆ ನಿಂತು ಸಂತೈಸುವ ಪಾದ್ರಿ ಎಂದು ಕರ್ಲಿಯ ಕಥೆಯಿರುವ ಪುಸ್ತಕದಲ್ಲೇ ಬರೆದಿದ್ದಾರೆ. ಸಾವಿನ ಮನೆಗೆ ಹೋಗಿ ಕರ್ಲಿಯ ಕಥೆ ಹೇಳುವವರು ಆ ಪುಟ ಓದಿಲ್ಲ ಅಂತ ಲೆಕ್ಕ.

ಮಂಗಳೂರಿನ ಸದಸ್ಯರು:
ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು ಸರ್. ಕ್ಯಾಲ್ವಿನ್ ಅಂದರೆ ಎಲ್ಲವನ್ನೂ ದೇವರು ಮೊದಲೇ ನಿಶ್ಚಯಿಸಿದ್ದಾನೆ ಅನ್ನುವವರಲ್ಲವೇ? ಸ್ವತಂತ್ರ ಇಚ್ಛೆಯ ಮೇಲೆ ಇಷ್ಟು ಭಾರ ಹಾಕುವವರು ಕ್ಯಾಲ್ವಿನ್ ಪಂಥದವರು ಹೇಗಾಗುತ್ತಾರೆ? ಮತ್ತೆ, ನಮ್ಮ ಬಾಸೆಲ್ ಮಿಷನ್ ಕೂಡ ಇದೇ ಪರಂಪರೆಯದೇ?

ಉತ್ತರ:
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. 1618–19ರಲ್ಲಿ ನೆದರ್‌ಲೆಂಡ್ಸ್‌ನ ಡಾರ್ಟ್ ಪಟ್ಟಣದಲ್ಲಿ ಮಹಾಸಭೆ ಸೇರಿದ್ದೇ ರಕ್ಷಣೆಯಲ್ಲಿ (ಪಾಪದಿಂದ ಬಿಡುಗಡೆಯಲ್ಲಿ) ಮನುಷ್ಯನ ಇಚ್ಛೆಗೆ ಹೆಚ್ಚು ಜಾಗ ಕೊಟ್ಟ ಆರ್ಮಿನಿಯಸ್‌ನ ಅನುಯಾಯಿಗಳನ್ನು ಖಂಡಿಸಲು. ಪ್ಲಾಂಟಿಂಗರ ಚರ್ಚು ಆ ಸಭೆಯ ನಿರ್ಣಯಗಳನ್ನು ಇಂದಿಗೂ ತನ್ನ ಅಧಿಕೃತ ನಂಬಿಕೆಯಾಗಿ ಇಟ್ಟುಕೊಂಡಿದೆ. ಅವರ ವಾದವೋ, ಸ್ಪೇನ್‌ನ ಜೆಸ್ಯುಯಿಟ್, ಅಂದರೆ ಕ್ಯಾಥೊಲಿಕ್ ಪಾದ್ರಿ ಮೊಲಿನಾ (1535–1600) ಹೇಳಿದ್ದಕ್ಕೆ ಹತ್ತಿರ: ಯಾರು ಯಾವ ಸಂದರ್ಭದಲ್ಲಿ ಸ್ವಂತ ಇಚ್ಛೆಯಿಂದ ಏನು ಮಾಡುತ್ತಾರೆಂಬುದು ದೇವರಿಗೆ ಮೊದಲೇ ಗೊತ್ತು! ಈ ಕಾರಣಕ್ಕೆ ಅನೇಕ ಕ್ಯಾಲ್ವಿನ್ ಪಂಥದವರು ಅವರನ್ನು ಅರೆಮನಸ್ಸಿನಿಂದಲೇ ತಮ್ಮವರೆನ್ನುತ್ತಾರೆ. ಇದು ಸಣ್ಣ ಬಿರುಕೆಂದು ನನಗನಿಸುವುದಿಲ್ಲ.

ಅವರು ಕ್ಯಾಲ್ವಿನ್‌ಗೆ ನಿಷ್ಠರಾಗಿರುವುದು ಇನ್ನೊಂದು ಕಡೆ. ದೇವರ ಅರಿವನ್ನು ಮನುಷ್ಯನ ಮನಸ್ಸಿನಲ್ಲೇ ದೇವರು ನೆಟ್ಟಿದ್ದಾನೆ ಎಂದು ಕ್ಯಾಲ್ವಿನ್ ಬರೆದಿದ್ದ. ಪ್ಲಾಂಟಿಂಗ ಅದನ್ನು ಜ್ಞಾನಮೀಮಾಂಸೆಗೆ, ಅಂದರೆ ಯಾವುದನ್ನು ಜ್ಞಾನವೆನ್ನಬೇಕು ಎಂಬ ಚರ್ಚೆಗೆ ತಂದರು. ಬೆಳಿಗ್ಗೆ ಉಪ್ಪಿಟ್ಟು ತಿಂದದ್ದು ನನಗೆ ನೆನಪಿದೆ. ಪುರಾವೆ ಕೇಳಿದರೆ ಇಲ್ಲ, ಆದರೂ ಹಾಗೆ ನಂಬುವುದು ಅವಿವೇಕವಲ್ಲ. ಎದುರಿಗಿರುವವರಿಗೆ ಮನಸ್ಸಿದೆ ಎಂಬ ನಂಬಿಕೆಯೂ ಅಂಥದ್ದೇ, 1967ರ ಪುಸ್ತಕದಲ್ಲಿ ಅದನ್ನೂ ದೇವರ ಮೇಲಿನ ನಂಬಿಕೆಯನ್ನೂ ಒಂದೇ ದೋಣಿಗೆ ಹತ್ತಿಸಿದರು. ಸ್ವಯಂಸಿದ್ಧವಾದದ್ದು, ಇಂದ್ರಿಯಕ್ಕೆ ಗೋಚರವಾದದ್ದು ಇಂಥವನ್ನು ಬಿಟ್ಟು ಬೇರೆ ಯಾವುದನ್ನೂ ಪುರಾವೆಯಿಲ್ಲದೆ ನಂಬಬಾರದು ಎನ್ನುವವರಿಗೆ ಅವರ ಮರುಪ್ರಶ್ನೆ: ನಿಮ್ಮ ಈ ನಿಯಮ ಸ್ವಯಂಸಿದ್ಧವೇ? ಕಣ್ಣಿಗೆ ಕಾಣುತ್ತದೆಯೇ? ಎರಡೂ ಇಲ್ಲ. ಹಾಗಾದರೆ ನಿಯಮಕ್ಕೆ ನಿಯಮವೇ ಅಡ್ಡಿ.

ಬಾಸೆಲ್ ಬಗ್ಗೆ: ಕ್ಯಾಲ್ವಿನ್‌ನ ಮಹಾಗ್ರಂಥ 1536ರಲ್ಲಿ ಮೊದಲು ಅಚ್ಚಾದದ್ದು ಬಾಸೆಲ್‌ನಲ್ಲೇ. ಆದರೆ 1834ರಲ್ಲಿ ನಿಮ್ಮೂರಿಗೆ ಬಂದ ಮಿಷನ್ ಸ್ವಿಸ್ ರಿಫಾರ್ಮ್ಡ್ ಜನ ಮತ್ತು ಜರ್ಮನಿಯ ಲೂಥರನ್ ಭಕ್ತಿಪಂಥದವರು ಕೂಡಿ ನಡೆಸಿದ್ದು. ಕ್ಯಾಲ್ವಿನ್ ಪಂಥದ್ದೇ ಎಂದು ಮುದ್ರೆ ಒತ್ತಲಾಗದು.

ಮತ್ತೊಬ್ಬ ಸದಸ್ಯರು:
ಇದು ನಮ್ಮ ಸ್ವತಃಪ್ರಾಮಾಣ್ಯವಲ್ಲವೇ ಆಚಾರ್ಯರೇ? ಜ್ಞಾನ ತನ್ನಷ್ಟಕ್ಕೆ ಪ್ರಮಾಣ, ಅದನ್ನು ಸುಳ್ಳೆಂದು ತೋರಿಸುವ ಬಾಧಕ ಬರುವವರೆಗೆ.

ಉತ್ತರ:
ಹತ್ತಿರ ಇದೆ. ಆದರೆ ಒಂದು ಎಚ್ಚರ ಬೇಕು. ಸ್ವತಃಪ್ರಾಮಾಣ್ಯವನ್ನು ಗಟ್ಟಿಯಾಗಿ ಹಿಡಿದ ಮೀಮಾಂಸಕ ಕುಮಾರಿಲ ಭಟ್ಟರು ವೇದವನ್ನು ಉಳಿಸಿಕೊಂಡು ಸೃಷ್ಟಿಕರ್ತ ಈಶ್ವರನನ್ನು ಬೇಡವೆಂದರು. ಪ್ರಾಮಾಣ್ಯ ಹೊರಗಿನಿಂದ ಬರಬೇಕು ಎಂದ ನೈಯಾಯಿಕರ (ನ್ಯಾಯದರ್ಶನದವರ) ಕಡೆಯಿಂದಲೇ ಉದಯನರು ನ್ಯಾಯಕುಸುಮಾಂಜಲಿಯಲ್ಲಿ ಈಶ್ವರನಿಗೆ ಅನುಮಾನ (ಇಲ್ಲಿ ಸಂಶಯವಲ್ಲ, ತರ್ಕದಿಂದ ತೀರ್ಮಾನಕ್ಕೆ ಬರುವುದು) ಪ್ರಮಾಣಗಳನ್ನು ಸಾಲಾಗಿ ನಿಲ್ಲಿಸಿದರು. ಅಂದರೆ ಈ ಉಪಕರಣ ತಾನಾಗಿ ಯಾವ ದೇವರ ಕಡೆಗೂ ಕರೆದೊಯ್ಯುವುದಿಲ್ಲ. ನಮ್ಮವರಲ್ಲಿ ಪ್ಲಾಂಟಿಂಗರಿಗೆ ಹತ್ತಿರದವರನ್ನು ಹೆಸರಿಸು ಅಂದರೆ ಮಧ್ವಾಚಾರ್ಯರನ್ನು ಹೆಸರಿಸುತ್ತೇನೆ. ಸ್ವತಃಪ್ರಾಮಾಣ್ಯವೂ ಉಂಟು, ಬರೀ ಅನುಮಾನದಿಂದ ದೇವರು ಸಿಗುವುದಿಲ್ಲ ಎಂಬ ನಿಲುವೂ ಉಂಟು.

ಪ್ರಶ್ನೆ ಕೇಳಿದವರು:
ಹಾಗಾದರೆ ಯಾರು ಏನನ್ನು ಬೇಕಾದರೂ ನಂಬಿ "ಇದಕ್ಕೆ ಪುರಾವೆ ಬೇಡ" ಅನ್ನಬಹುದಲ್ಲ ಸರ್?

ಉತ್ತರ:
ಈ ಆಕ್ಷೇಪವನ್ನು ಅವರೇ ಎತ್ತಿಕೊಂಡರು. ಅಮೆರಿಕದ ಒಂದು ಕಾಮಿಕ್ಸ್‌ನಲ್ಲಿ ಪುಟ್ಟ ಹುಡುಗನೊಬ್ಬ ಪ್ರತಿವರ್ಷ ಮಹಾ ಕುಂಬಳಕಾಯಿ ಪ್ರತ್ಯಕ್ಷವಾಗುತ್ತದೆ ಎಂದು ಹೊಲದಲ್ಲಿ ಕಾಯುತ್ತಾನೆ. ಅವನ ನಂಬಿಕೆಗೂ ಪುರಾವೆ ಬೇಡವೇ? ಕೆಲವು ನಂಬಿಕೆಗಳಿಗೆ ಬೇಡ ಎಂದ ಮಾತ್ರಕ್ಕೆ ಎಲ್ಲಕ್ಕೂ ಬೇಡ ಎಂದಾಗುವುದಿಲ್ಲ ಎನ್ನುತ್ತಾರೆ. 1993 ಮತ್ತು 2000ದ ಪುಸ್ತಕಗಳಲ್ಲಿ ಇನ್ನಷ್ಟು ಬಿಗಿ ಮಾಡಿದರು: ಸತ್ಯವನ್ನು ಹಿಡಿಯಲೆಂದು ರೂಪುಗೊಂಡ ಮನಸ್ಸು, ತನಗೆ ತಕ್ಕ ಪರಿಸರದಲ್ಲಿ, ಸರಿಯಾಗಿ ಕೆಲಸ ಮಾಡಿ ಹುಟ್ಟಿಸಿದ ನಂಬಿಕೆಯಾಗಿರಬೇಕು. ದೇವರಿದ್ದರೆ ಅಂಥ ಮನಸ್ಸನ್ನು ಕೊಟ್ಟಿರುವ ಸಂಭವ ಹೆಚ್ಚು. ಆದ್ದರಿಂದ ಕ್ರೈಸ್ತ ನಂಬಿಕೆ ನಿಜವಾಗಿದ್ದರೆ ಬಹುಶಃ ಜ್ಞಾನವೇ ಆಗಿರುತ್ತದೆ. "ಸುಳ್ಳೋ ನಿಜವೋ ಗೊತ್ತಿಲ್ಲ, ಅವಿವೇಕವಂತೂ ಹೌದು" ಎನ್ನುವವರ ಬಾಯಿ ಇಲ್ಲಿಗೆ ಬಂದ್. ಅವಿವೇಕ ಎನ್ನಬೇಕಾದರೆ ಮೊದಲು ಸುಳ್ಳೆಂದು ತೋರಿಸಬೇಕು.

ಆದರೆ "ನಿಜವಾಗಿದ್ದರೆ" ಎಂಬ ಷರತ್ತನ್ನು ಗಮನಿಸಿ. ಮುಸ್ಲಿಮರೂ ವೈಷ್ಣವರೂ ಇದೇ ವಾಕ್ಯವನ್ನು ತಮ್ಮ ದೇವರ ಹೆಸರು ಹಾಕಿ ಹೇಳಬಹುದು. ನಿಜವೇ ಎಂಬ ಪ್ರಶ್ನೆ ಬಂದಾಗ ತತ್ವಶಾಸ್ತ್ರದ ಶಕ್ತಿ ಅಲ್ಲಿಗೆ ಮುಗಿಯಿತು ಎಂದು 2000ದ ಆ ದೊಡ್ಡ ಪುಸ್ತಕದ ಕೊನೆಯಲ್ಲಿ ಅವರೇ ಕೈಬಿಡುತ್ತಾರೆ. ಪ್ರಾಮಾಣಿಕತೆ ಮೆಚ್ಚಬೇಕಾದ್ದು, ಆದರೆ ಓದುಗನಿಗೆ ಬೇಕಾಗಿದ್ದದ್ದು ಆ ಪ್ರಶ್ನೆಗೆ ಉತ್ತರವೇ ಆಗಿತ್ತು.

ಪ್ರಶ್ನೆ ಕೇಳಿದವರು:
ಓದಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ:
1974ರ "ಗಾಡ್, ಫ್ರೀಡಂ, ಅಂಡ್ ಈವಿಲ್". ಚಿಕ್ಕ ಪುಸ್ತಕ, ಕರ್ಲಿಯ ಕಥೆ ಅದರಲ್ಲೇ ಇದೆ. ಎರಡನೆಯ ಭಾಗ ತಲೆಗೆ ಹತ್ತದಿದ್ದರೆ ಸದ್ಯಕ್ಕೆ ಬಿಟ್ಟುಬಿಡಿ. 2000ದ್ದು ಐನೂರು ಪುಟ ಮೀರುತ್ತದೆ, ಅದರ ಬದಲು ಅದನ್ನೇ ಅವರು ಚಿಕ್ಕದಾಗಿಸಿ 2015ರಲ್ಲಿ ತಂದ "ನಾಲೆಜ್ ಅಂಡ್ ಕ್ರಿಶ್ಚಿಯನ್ ಬಿಲೀಫ್" ಸಾಕು. ಜೊತೆಗೆ ರೋ ಅವರ ಜಿಂಕೆಮರಿಯ ಲೇಖನವನ್ನೂ ಓದಿ, ಒಂದೇ ಕೂತಿಗೆ ಮುಗಿಯುತ್ತದೆ.