ಇಲಿ ಹೇಳಿದ ಶೋವಾ ಪುರಾಣ

"ಇತಿಹಾಸಕ್ಕೆ ಇಲಿ ಸಾಕ್ಷಿಯೇ?" ಎಂದು ರಾಯರು ಕೇಳಿದರು. ಜೀವಮಾನವಿಡೀ ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿ ನಿವೃತ್ತರಾದವರು. ಯಾರ ಮಾತನ್ನೂ ಜಾಮೀನಿಲ್ಲದೆ ನಂಬುವವರಲ್ಲ.

ಅವರ ತೊಡೆಯ ಮೇಲಿದ್ದದ್ದು ಜಪಾನಿ ಚಿತ್ರಕಥೆಗಾರ ಶಿಗೆರು ಮಿಜುಕಿಯವರ ಶೋವಾ ಚಿತ್ರ-ಇತಿಹಾಸದ ಇಂಗ್ಲಿಷ್ ಅನುವಾದ. ಚಕ್ರವರ್ತಿ ಹಿರೋಹಿತೊ ಪಟ್ಟಕ್ಕೆ ಬಂದ 1926ರಿಂದ ತೀರಿಕೊಂಡ 1989ರವರೆಗಿನ ಜಪಾನಿನ ಕಥೆ; ಆ ಆಳ್ವಿಕೆಯ ಕಾಲಕ್ಕೇ ಶೋವಾ ಎಂದು ಹೆಸರು. ಜಪಾನಿನಲ್ಲಿ 8 ಸಂಪುಟಗಳಾಗಿ ಬಂದದ್ದು ಇಂಗ್ಲಿಷಿನಲ್ಲಿ 4 ದಪ್ಪ ಸಂಪುಟಗಳಾಗಿದೆ. ಕಥೆ ಹೇಳುವವನು ಇಲಿಮನುಷ್ಯ. ಮಿಜುಕಿಯವರದೇ ಭೂತಪಿಶಾಚಿಗಳ ಕಥೆಗಳಿಂದ ಎದ್ದು ಬಂದವನು. ವಯಸ್ಸು ಮುನ್ನೂರಕ್ಕೂ ಮೇಲು, ಸ್ನಾನದ ಪರಿಚಯವಿಲ್ಲ, ದುಡ್ಡು ಕಂಡರೆ ಯಾರ ಕಡೆಗಾದರೂ ವಾಲುವವನು. ಇಂಥವನು ಪ್ರಧಾನಿಗಳನ್ನೂ ಸೇನಾಧಿಪತಿಗಳನ್ನೂ ಕುರಿತು ಗಂಭೀರವಾಗಿ ಉಪನ್ಯಾಸ ಕೊಡುತ್ತಾನೆ.

"ಮಹಾಭಾರತವನ್ನು ಬರೆದುಕೊಂಡವನು ಗಣಪತಿ. ಅವನ ವಾಹನಕ್ಕೂ ಒಂದು ಅವಕಾಶ ಕೊಡಿ ರಾಯರೇ" ಎಂದರು ಭಾಗ್ಯಕ್ಕ. ಪುಸ್ತಕವನ್ನು ತಂದುಕೊಟ್ಟವರು ಅವರೇ. ಗ್ರಂಥಪಾಲಕಿಗೆ ತನ್ನ ಕಪಾಟಿನ ಮೇಲೆ ಅಭಿಮಾನವಿರಬಾರದೇ?

ರಾಯರನ್ನು ಕೊನೆಗೂ ಒಲಿಸಿಕೊಂಡದ್ದು ಇಲಿಯಲ್ಲ, 1927ರ ಬ್ಯಾಂಕ್ ಬಿಕ್ಕಟ್ಟು. ಮಾರ್ಚ್ 14ರಂದು ಹಣಕಾಸು ಸಚಿವ ಕತಾವೊಕಾ ಸಂಸತ್ತಿನಲ್ಲಿ ಎದ್ದುನಿಂತು, ಟೋಕಿಯೋದ ವಾತಾನಾಬೆ ಬ್ಯಾಂಕು ಇಂದು ಮಧ್ಯಾಹ್ನ ಮುಳುಗಿತು ಎಂದುಬಿಟ್ಟರು. ಬ್ಯಾಂಕು ಮುಳುಗಿರಲಿಲ್ಲ. ಹೇಗೋ ಹಣ ಹೊಂದಿಸಿಕೊಂಡು ಅಂದಿನ ಲೆಕ್ಕ ಚುಕ್ತಾ ಮಾಡಿತ್ತು. ಸಚಿವರ ಬಾಯಿಂದ ಮಾತು ಬಿದ್ದ ಮೇಲೆ ಮರುದಿನ ನಿಜವಾಗಿಯೂ ಬಾಗಿಲು ಹಾಕಿತು. ಠೇವಣಿದಾರರು ಉಳಿದ ಬ್ಯಾಂಕುಗಳಿಗೂ ಮುತ್ತಿಗೆ ಹಾಕಿದರು.

"ಬಾಯಿ ಮುಚ್ಚಿಕೊಂಡಿದ್ದರೆ ಬ್ಯಾಂಕಾದರೂ ತೆರೆದಿರುತ್ತಿತ್ತು" ಎಂದು ರಾಯರು ನಿಟ್ಟುಸಿರು ಬಿಟ್ಟರು. ಮುಂದಿನದನ್ನು ಪುಸ್ತಕಕ್ಕೆ ಕಾಯದೆ ತಾವೇ ಹೇಳಿದರು. ಹೊಸ ಹಣಕಾಸು ಸಚಿವರಾಗಿ ಬಂದ ವೃದ್ಧ ತಾಕಾಹಾಶಿ ಕೊರೆಕಿಯೊ ಮೂರು ವಾರ ಹಣಪಾವತಿಗೆ ತಡೆ ಕೊಟ್ಟು, ತುರ್ತಾಗಿ 200 ಯೆನ್ ನೋಟು ಅಚ್ಚು ಹಾಕಿಸಿದರು. ಎರಡೂ ಬದಿ ಮುದ್ರಿಸಲು ಪುರುಸೊತ್ತಿಲ್ಲ. ಹಿಂಬದಿ ಖಾಲಿ! ಬ್ಯಾಂಕಿನ ಕೌಂಟರಿನ ಮೇಲೆ ಆ ಕಂತೆಗಳನ್ನು ಜನರ ಕಣ್ಣಿಗೆ ಕಾಣುವಂತೆ ಪೇರಿಸಿಟ್ಟರು. ಜನ ನೋಡಿದರು, ಸಮಾಧಾನಗೊಂಡರು, ಮನೆಗೆ ಹೋದರು.

"ಖಾಲಿ ಬೆನ್ನಿನ ನೋಟಿನಿಂದ ದೇಶ ಉಳಿಸಿದ ಮನುಷ್ಯ!" ಎಂದು ರಾಯರು ಕೈ ಮುಗಿದರು.

"ಸೈನ್ಯದ ಖರ್ಚಿಗೆ ಕತ್ತರಿ ಹಾಕಿದ ತಪ್ಪಿಗೆ 1936ರ ಫೆಬ್ರುವರಿ 26ರಂದು ಅವರನ್ನು ಕೊಂದರು" ಎಂದು ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಇತಿಹಾಸದ ಮೇಷ್ಟ್ರು, ಯಾರಾದರೂ ಖುಷಿಯಾಗಿದ್ದರೆ ಇಸವಿ ಹೇಳಿ ನಂದಿಸುವ ಅಭ್ಯಾಸ.

ಆದರೆ ಅದೇ ದಿನದ ಇನ್ನೊಂದು ಪ್ರಸಂಗವನ್ನು ಹೇಳುವಾಗ ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ದಂಗೆ ಎದ್ದ ಯುವ ಅಧಿಕಾರಿಗಳ ಪಡೆ ಹಿಮದ ನಡುವೆ ಪ್ರಧಾನಿ ಒಕಾದಾ ಅವರ ನಿವಾಸಕ್ಕೆ ನುಗ್ಗಿತು. ಸಿಕ್ಕಿದ್ದು ಅವರ ಭಾವಮೈದುನ. ಅವರನ್ನೇ ಪ್ರಧಾನಿಯೆಂದು ಕೊಂದರು. ನಿಜವಾದ ಪ್ರಧಾನಿ ಕೆಲಸದವಳ ಕೋಣೆಯ ಕಪಾಟಿನಲ್ಲಿ ಅಡಗಿದ್ದರು. ಮರುದಿನ ಅಂತಿಮ ದರ್ಶನಕ್ಕೆ ಬಂದವರ ಗುಂಪಿನಲ್ಲಿ ಸೇರಿಕೊಂಡು ಪಾರಾದರು.

"ತನ್ನ ಸಾವಿಗೆ ತಾನೇ ಮಾತನಾಡಿಸಿಕೊಂಡು ಹೋಗಲು ಬಂದವರು ಬೇರೆ ಯಾರಿದ್ದಾರೆ?" ಎಂದರು ಭಾಗ್ಯಕ್ಕ.

ಇಲ್ಲೊಂದು ದೂರು ಹೇಳಲೇಬೇಕು. ಮೊದಲ ಸಂಪುಟದ ರಾಜಕೀಯದ ಪುಟಗಳು ಆಯಾಸ ತರಿಸುತ್ತವೆ. ಒಂದು ಮಂತ್ರಿಮಂಡಲದ ಹೆಸರು ನೆನಪಿಗೆ ಹತ್ತುವಷ್ಟರಲ್ಲಿ ಅದು ಬಿದ್ದು ಇನ್ನೊಂದು ಬಂದಿರುತ್ತದೆ. ನಾನು ಹೀಗೆಂದಾಗ ಮೇಷ್ಟ್ರು ಕೆರಳಿದರು. "ಯುದ್ಧಗಳು ಹೇಗೆ ಶುರುವಾದವೆಂದು ಮತ್ತೆ ಹೇಗೆ ತಿಳಿಯುತ್ತದೆ? 1931ರಲ್ಲಿ ಈಶಾನ್ಯ ಚೀನಾದ ಮಂಚೂರಿಯಾದಲ್ಲಿ, ಮುಕ್ಡೆನ್ ಬಳಿ, ಜಪಾನಿ ಸೈನ್ಯದವರು ತಮ್ಮದೇ ರೈಲು ಹಳಿಗೆ ತಾವೇ ಮದ್ದಿಟ್ಟು ಚೀನೀಯರ ತಲೆಗೆ ಕಟ್ಟಿದರು. ಹಳಿಗೆ ಎಷ್ಟು ಕಡಿಮೆ ಪೆಟ್ಟಾಗಿತ್ತೆಂದರೆ, ಸ್ವಲ್ಪ ಹೊತ್ತಿನಲ್ಲಿ ರೈಲೊಂದು ಅದರ ಮೇಲೆಯೇ ಹಾದುಹೋಯಿತು. ಹಳಿ ಮುರಿಯಲು ಬಾರದವರು ಮಂಚೂರಿಯಾವನ್ನೇ ಮುರಿದುಕೊಂಡರು!"

"ಬೀಜಿಂಗ್ ಬಳಿಯ ಮಾರ್ಕೊ ಪೋಲೊ ಸೇತುವೆಯದನ್ನೂ ಹೇಳಿ" ಎಂದೆ.

"ಅದು 1937ರ ಜುಲೈ 7. ರಾತ್ರಿ ಕವಾಯತಿನಲ್ಲಿ ಒಬ್ಬ ಜಪಾನಿ ಸೈನಿಕ ಕಾಣೆಯಾದ. ಬಯಲಕಡೆಗೆ ಹೋಗಿದ್ದನೆಂದು ಒಂದು ಮಾತಿದೆ. ಬೇಗನೆ ತಾನಾಗಿಯೇ ಮರಳಿದ. ಅವನ ನೆಪದಲ್ಲಿ ಚೀನಾದೊಂದಿಗೆ ಯುದ್ಧಕ್ಕೆ ಹೋದ ಸೈನ್ಯ ಮರಳಲು ಎಂಟು ವರ್ಷ ಬೇಕಾಯಿತು."

ಚೀನಾದ ನಾನ್‌ಜಿಂಗಿನಲ್ಲಿ ಜಪಾನಿ ಸೈನ್ಯ ನಡೆಸಿದ ಹತ್ಯಾಕಾಂಡದ ಪುಟಗಳ ಬಗ್ಗೆ ನಮ್ಮಲ್ಲಿ ಯಾರೂ ಹಾಸ್ಯ ಮಾಡಲಿಲ್ಲ. ಮಿಜುಕಿಯವರೂ ಮಾಡಿಲ್ಲ.

ನನಗೆ ಮಾತ್ರ ಈ ಮಹಾಗ್ರಂಥದ ಜೀವವಿರುವುದು ಶಿಗೆರು ಎಂಬ ಹುಡುಗನಲ್ಲಿ, ಅಂದರೆ ಎಳೆಯ ಮಿಜುಕಿಯಲ್ಲೇ. ಸಾಕಾಯಿಮಿನಾತೊ ಎಂಬ ಬಂದರು ಪಟ್ಟಣದ ಹೊಟ್ಟೆಬಾಕ, ಬೆಳಗ್ಗೆ ಏಳಲಾರದ ಸೋಮಾರಿ. ಚಿತ್ರಗಳನ್ನೇ ನೋಡಿ: ಹಡಗು, ಕಾಡು, ಉರಿಯುವ ಊರು ಎಲ್ಲವೂ ಛಾಯಾಚಿತ್ರದಷ್ಟು ನಿಖರ, ಎಲೆ ಎಲೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಅದರ ಮುಂದೆ ನಾಲ್ಕು ಗೆರೆಯ ದುಂಡು ಮುಖ, ಕನ್ನಡಕ, ಪೆದ್ದು ನಗೆ. ಎದುರಿಗಿನ ಪ್ರಪಂಚ ನಿಜ, ತಾನೇಕೆ ಇಲ್ಲಿದ್ದೇನೆ ಎಂಬುದು ಮಾತ್ರ ಅವನಿಗೆ ಅರ್ಥವಾಗಿಲ್ಲ.

ಸೈನ್ಯದಲ್ಲಿ ಅವನಿಗೆ ಕಹಳೆ ಊದುವ ಕೆಲಸ ಕೊಟ್ಟರು. ಊದಲು ಬರಲಿಲ್ಲ. ಬೇರೆ ಕೆಲಸ ಕೊಡಿ ಎಂದು ಮೇಲಧಿಕಾರಿಯ ಬೆನ್ನು ಬಿದ್ದ. ಉತ್ತರವೋ ದಕ್ಷಿಣವೋ ಎಂದು ಕೇಳಿದರು. ಚಳಿಯಾಗದ ಪ್ರಾಣಿ, ದಕ್ಷಿಣ ಎಂದ. ಕಳುಹಿಸಿದ್ದು ಇಂದಿನ ಪಪುವಾ ನ್ಯೂಗಿನಿಗೆ ಸೇರಿದ ನ್ಯೂ ಬ್ರಿಟನ್ ದ್ವೀಪಕ್ಕೆ, ರಬೌಲ್‌ಗೆ!

"ವರ್ಗಾವಣೆ ಕೇಳಿದವರಿಗೆಲ್ಲ ಆಗುವುದು ಹೀಗೆಯೇ" ಎಂದರು ರಾಯರು. ಆ ದನಿಯಲ್ಲಿ ಅನುಭವವಿತ್ತು.

ಅಲ್ಲಿ ಹಿರಿಯ ಸೈನಿಕರಿಂದ ದಿನವೂ ಕಪಾಳಮೋಕ್ಷ. ಕೊನೆಗೆ ಒಂದು ಬೆಳಗಿನ ಜಾವದ ಕಾವಲಿನಲ್ಲಿ ದೂರದರ್ಶಕದಿಂದ ಗಿಳಿಗಳ ಅಂದ ನೋಡುತ್ತಾ, ಜೊತೆಯವರನ್ನು ಎಬ್ಬಿಸುವ ಹೊತ್ತನ್ನೇ ಮರೆತ. ಅಷ್ಟರಲ್ಲಿ ದಾಳಿಯಾಯಿತು. ಮಲಗಿದ್ದವರೆಲ್ಲ ಸತ್ತರು. ಇವನು ಸಮುದ್ರ, ಕಾಡು ದಾಟಿ ಲಂಗೋಟಿಯಲ್ಲಿ ಶಿಬಿರ ತಲುಪಿದರೆ, ಅಲ್ಲಿ ಸಿಕ್ಕಿದ್ದು ಬೈಗುಳ: ಎಲ್ಲರೂ ಸತ್ತಿರುವಾಗ ನೀನೇಕೆ ಬದುಕಿ ಬಂದೆ, ಚಕ್ರವರ್ತಿ ದಯಪಾಲಿಸಿದ ಬಂದೂಕನ್ನು ಎಲ್ಲಿ ಬಿಟ್ಟೆ? ಮುಂದೆ ಮಲೇರಿಯಾ, ಬಾಂಬು ದಾಳಿ, ಎಡಗೈ ಹೋಯಿತು. ಹಣ್ಣುಹಂಪಲು ಕೊಟ್ಟು ಉಳಿಸಿಕೊಂಡವರು ಅಲ್ಲಿನ ತೊಲಾಯಿ ಜನ. ಇಲ್ಲೇ ಇದ್ದುಬಿಡು, ಹೊಲ ಕೊಡುತ್ತೇವೆ ಎಂದರಂತೆ. ಇವನೂ ತಯಾರಾಗಿದ್ದ. ತಂದೆತಾಯಿಯ ಮುಖವನ್ನಾದರೂ ನೋಡಿ ಬಾ ಎಂದು ಸೈನ್ಯದ ವೈದ್ಯರು ಬುದ್ಧಿ ಹೇಳಿ ಹಡಗು ಹತ್ತಿಸಿದರು.

"ಎಂಥ ಅಧಿಕಪ್ರಸಂಗಿ ವೈದ್ಯ!" ಎಂದು ಮೇಷ್ಟ್ರು ಕೋಪಿಸಿಕೊಂಡರು.

"ಅವರು ಹಾಗೆ ಹೇಳದಿದ್ದರೆ ಈ ಪುಸ್ತಕ ಯಾರು ಬರೆಯುತ್ತಿದ್ದರು? ಇಲಿಯೇ?" ಎಂದರು ಭಾಗ್ಯಕ್ಕ. ತರುವಾಯ ತಮ್ಮ ಬ್ರಹ್ಮಾಸ್ತ್ರ ಬಿಟ್ಟರು. ಮಂಗಾ ಎಂಬ ಜಪಾನಿ ಚಿತ್ರಕಥೆಗಳ ಹೆಸರಾಂತ ಕಲಾವಿದರಾದ ತೆಜುಕಾ, ಇಶಿನೊಮೊರಿ ಇಬ್ಬರೂ ರಾತ್ರಿಯಿಡೀ ನಿದ್ದೆಗೆಟ್ಟು ದುಡಿಯುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ. ಇಬ್ಬರೂ 60ಕ್ಕೆ ತೀರಿಕೊಂಡರು. ಚೆನ್ನಾಗಿ ನಿದ್ದೆ ಹೊಡೆಯುತ್ತಿದ್ದ ಮಿಜುಕಿ 93 ವರ್ಷ ಬಾಳಿ 2015ರಲ್ಲಿ ಹೋದರು. ಇದನ್ನೇ ಅವರು ಒಂದು ಪುಟ್ಟ ಚಿತ್ರಕಥೆಯಾಗಿಯೂ ಬರೆದಿದ್ದಾರೆ.

ರಾಯರು ತಟ್ಟನೆ ಗಡಿಯಾರ ನೋಡಿದರು. ಊಟದ ನಂತರದ ನಿದ್ದೆಯ ಹೊತ್ತು ಮೀರಿತ್ತು. ಎರಡನೆಯ ಸಂಪುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

"ಅದು ನನ್ನ ಸರದಿ ರಾಯರೇ!" ಎಂದು ಮೇಷ್ಟ್ರು ಕೂಗಿದರು.

"ನೀವು 1936ರಲ್ಲೇ ಇರಿ" ಎಂದು ಉತ್ತರ ಗೇಟಿನಾಚೆಯಿಂದ ಬಂತು.