‘ಲೈನ್’ ಅಂದ್ರೆ ಯಾವ್ದು? ಮನೆ ವೈರಿಂಗ್‌ನ ಸರ್ಕ್ಯೂಟಿಗೆ ಕನ್ನಡ ಪದ ಬೇಕು

ನಮಸ್ಕಾರ. ಶಿರಸಿ ಹತ್ರದ ನಮ್ಮ ಹಳೇ ಮನೆಗೆ ಲೈಟಿನ ವೈರಿಂಗ್ ಪೂರ್ತಿ ಹೊಸದಾಗಿ ಮಾಡಿಸ್ತಾ ಇದ್ದೇವೆ, ಅದರ ಜೊತೆ ಮೇನ್ ಬೋರ್ಡಿನ ಪಕ್ಕ ಅಂಟಿಸೋಕೆ ಕನ್ನಡದಲ್ಲಿ ಒಂದು ಹಾಳೆ ಬರೀಬೇಕು, ಯಾವ ಎಂಸಿಬಿ (ಫ್ಯೂಸಿನ ಜಾಗದಲ್ಲಿರೋ, ಕರೆಂಟು ಕಡಿಯೋ ಸ್ವಿಚ್ಚು) ಇಳಿಸಿದ್ರೆ ಮನೆಯ ಯಾವ ಭಾಗದ ಕರೆಂಟು ಹೋಗ್ತದೆ ಅಂತ. ಮನೇಲಿರೋದು ಆಯಿ, ಅಪ್ಪಯ್ಯ ಇಬ್ರೇ. ಅವ್ರಿಗೆ ಓದಿದ ಕೂಡ್ಲೆ ತಿಳೀಬೇಕು.

ತೊಡಕು ‘ಸರ್ಕ್ಯೂಟ್’ ಅನ್ನೋದಕ್ಕೆ, ಅಂದ್ರೆ ಒಂದು ಎಂಸಿಬಿ ಕೆಳಗೆ ಬರೋ ವೈರು, ಲೈಟು ಎಲ್ಲ ಸೇರಿದ ಪಾಲಿಗೆ. ನಮ್ಮ ಕಡೆ ವೈರಿಂಗ್ ಕೆಲಸದವ್ರು ಎಲ್ಲದಕ್ಕೂ ‘ಲೈನ್’ ಅಂತಾರೆ. ಕಂಬದಿಂದ ಮನೆಗೆ ಬರೋದು ಲೈನ್, ಟೆಸ್ಟರ್ ಹಚ್ಚಿ ನೋಡಿ ‘ಲೈನ್ ಇದ್ದು’ ಅಂದ್ರೆ ಫೇಸ್ (ಕರೆಂಟು ಹೊತ್ತು ಬರೋ ವೈರು) ಇದೆ ಅಂತ, ಜಗಲಿ ಲೈಟು ನಡುಮನೆ ಲೈಟು ಒಂದೇ ಎಂಸಿಬಿಗೆ ಸೇರಿದ್ರೆ ಅದೂ ‘ಒಂದೇ ಲೈನ್’. ಅವರವರ ನಡುವೆ ಏನೂ ಗೊಂದಲ ಇಲ್ಲ, ಕೈ ತೋರ್ಸಿ ಮಾತಾಡ್ತಾರೆ. ಹಾಳೇಲಿ ‘ಲೈನ್ ತೆಗೆದು ಬಲ್ಬ್ ಬದಲಿಸಿ’ ಅಂತ ಬರೆದ್ರೆ ಮಾತ್ರ ಲೈಟಿನ ಸ್ವಿಚ್ ಆಫ್ ಮಾಡಿದ್ರೆ ಸಾಕು ಅಂತ ತಿಳ್ಕೊಳ್ಳೋರೇ ಹೆಚ್ಚು. ಹಳೇ ವೈರಿಂಗಲ್ಲಿ ಅದು ಅಪಾಯ, ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ (ಕರೆಂಟು ತಿರುಗಿ ಹೋಗೋ ವೈರು) ಮೇಲೆ ಕೂತಿದ್ರೆ ಲೈಟು ಆರ್ತದೆ, ಹೋಲ್ಡರಲ್ಲಿ ಕರೆಂಟು ಹಾಗೇ ಇರ್ತದೆ.

ಮೆತ್ತಿ (ಮಾಳಿಗೆ) ಮೇಲಿನ ಮರದ ಬೋರ್ಡು ಬಿಚ್ಚಿದಾಗ ಕಂಡಿದ್ದು ಸಾಗವಾನಿ ಪಟ್ಟಿಗೆ ತಗಡಿನ ಕ್ಲಿಪ್ಪು ಹೊಡೆದು ಎಳೆದ ರಬ್ಬರ್ ವೈರು, ಬಗ್ಗಿಸಿದ್ರೆ ರಬ್ಬರು ಪುಡಿಪುಡಿಯಾಗಿ ಉದುರ್ತದೆ, ಫೇಸ್ ಯಾವ್ದು ನ್ಯೂಟ್ರಲ್ ಯಾವ್ದು ಅಂತ ಬಣ್ಣ ನೋಡಿ ಹೇಳೋ ಹಾಗೇ ಇಲ್ಲ, ಅರ್ತ್ (ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ವೈರು) ಅಂತೂ ಇಲ್ಲವೇ ಇಲ್ಲ. ಈಗ ಕೆಂಪು, ಕಪ್ಪು, ಹಸಿರು ಮೂರೂ 1.5 ಸ್ಕ್ವೇರ್ ಎಂಎಂ ತಾಮ್ರದ್ದು ಎಳೀತಿದಾರೆ. ಲೈಟು ಫ್ಯಾನು ಪ್ಲಗ್ಗು ಸೇರಿ ಒಂದು ಸರ್ಕ್ಯೂಟಿಗೆ 10 ಪಾಯಿಂಟು, 800 ವ್ಯಾಟ್ ಮೀರಬಾರ್ದು ಅನ್ನೋ ಲೆಕ್ಕದಲ್ಲಿ ಮನೆ ಹಲವು ಪಾಲಾಗ್ತದೆ, ಆ ಒಂದೊಂದು ಪಾಲಿಗೂ ಹೆಸರು ಬೇಕೇ ಬೇಕು.

ಶಾಲೆ ಪುಸ್ತಕದಲ್ಲಿ ‘ವಿದ್ಯುತ್ ಮಂಡಲ’ ಇದೆ. ಒಳ್ಳೇ ಪದವೇ, ಹೊರಟಲ್ಲಿಗೇ ತಿರುಗಿ ಬರೋ ದಾರಿ ಅನ್ನೋ ಅರ್ಥ ಅದ್ರಲ್ಲೇ ಕೂತಿದೆ. ಆದ್ರೆ ನಮ್ಮೂರಲ್ಲಿ ಮಂಡಲ ಅಂದ್ರೆ ಪೂಜೆಗೆ ಬಣ್ಣದ ಪುಡೀಲಿ ಬರೆಯೋದು, ಇಲ್ಲಾ 48 ದಿನದ ವ್ರತದ ಲೆಕ್ಕ, ‘3ನೇ ಮಂಡಲ ಇಳಿಸಿ’ ಅಂದ್ರೆ ಯಾರಿಗೂ ಏನೂ ಹೊಳೀಲಿಕ್ಕಿಲ್ಲ. ‘ತೆರೆದ ಮಂಡಲ’ (ಓಪನ್ ಸರ್ಕ್ಯೂಟ್, ಅಂದ್ರೆ ದಾರಿ ನಡುವೆ ಕಡಿದದ್ದು) ಅನ್ನೋದಂತೂ ಇನ್ನೂ ಕಷ್ಟ. ನಲ್ಲಿ ತೆರೆದ್ರೆ ನೀರು ಬರ್ತದೆ, ಮಂಡಲ ತೆರೆದ್ರೆ ಕರೆಂಟು ನಿಲ್ತದೆ! ಮನೆಯವ್ರು ಓದೋ ಹಾಳೇಲಿ ಅದನ್ನ ಬಳಸಲೇಬಾರ್ದು, ‘ಕರೆಂಟು ಕಡಿದಿದೆ’ ಅಂತ ನೇರವಾಗಿ ಬರೀಬೇಕು. ‘ಸುತ್ತು’ ಆಗಬಹುದಾ ಅಂತ ಯೋಚಿಸಿದೆ, ಆದ್ರೆ ಪಂಪಿನ ಮೋಟಾರಿಗೆ ಕಾಯಿಲ್ ಸುತ್ತೋದಕ್ಕೆ ಆ ಮಾತು ಆಗಲೇ ಬಳಕೇಲಿದೆ.

ನನಗೆ ಹಿಡಿಸಿದ್ದು ‘ಕವಲು’. ಹೊಳೆಗೆ, ಮರಕ್ಕೆ, ದಾರಿಗೆ ಎಲ್ಲಕ್ಕೂ ಹೇಳೋ ಮಾತು, ಮೇನ್‌ನಿಂದ ಒಡೆದು ಹೋಗಿದ್ದು ಅಂತ ಬಿಡಿಸಿ ಹೇಳದೇನೇ ತಿಳೀತದೆ. ಜಗಲಿ ಕವಲು, ಮೆತ್ತಿ ಕವಲು, ಬಚ್ಚಲು-ಕೊಟ್ಟಿಗೆ ಕವಲು. ಕವಲು ಒಡೆದದ್ದು ತಿರುಗಿ ಬರೋದಿಲ್ಲ, ಹಾಗಾದ್ರೆ ನ್ಯೂಟ್ರಲ್ ಎಲ್ಲೋಯ್ತು ಅಂತ ಇಂಜಿನಿಯರ್ ಓದಿದವ್ರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾಠ ಹೇಳುವಾಗ ಮಂಡಲವೇ ಇರಲಿ, ಒಂದು ಎಂಸಿಬಿ ಕೆಳಗೆ ಬರೋದಕ್ಕೆಲ್ಲ ಹೆಸರಾಗಿ ಕವಲು ಸಾಕು ಅಂತ ನನ್ನ ಅಭಿಪ್ರಾಯ.

ಕುಮಟಾ, ಅಂಕೋಲಾ, ಕಾರವಾರ ಕಡೆಯವ್ರು ದಯವಿಟ್ಟು ಹೇಳಿ, ಅಲ್ಲಿ ಚಿರೇಕಲ್ಲಿನ ಹಳೇ ಮನೆಗಳಿಗೆ ವೈರಿಂಗ್ ಮಾಡೋರು ಇದಕ್ಕೆ ಏನಂತಾರೆ, ಕೊಂಕಣಿ ಮಾತಾಡೋ ಕೆಲಸದವ್ರ ಹತ್ರ ಬೇರೆ ಪದ ಏನಾದ್ರೂ ಇದೆಯಾ? ಎಂಸಿಬಿ ‘ತೆಗೆ’ ಅನ್ನೋ ಬದಲು ‘ಇಳಿಸು’ ಅಂತ ಬರೆದ್ರೆ ನಿಮ್ಮ ಮನೆಯ ಹಿರಿಯರಿಗೆ ಕೂಡ್ಲೆ ತಿಳೀತದಾ ಅನ್ನೋದನ್ನೂ ಒಂದ್ಸಲ ಕೇಳಿ ತಿಳಿಸಿ.