ಎರಡು ಟ್ರಂಕು ಹಳೆಯ ಬಟ್ಟೆಗಳು: ಕಾಲ ಗುರುತಿಸುವುದು, ಬೆಲೆ ಕಟ್ಟುವುದು, ಕಾಪಾಡುವುದು ಹೇಗೆ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ ಮತ್ತು ಅತ್ತೆಯವರು ಉಟ್ಟು ತೊಟ್ಟ ಬಟ್ಟೆಗಳನ್ನು ಹದಿನೈದು ವರ್ಷಗಳಿಂದ ಕೂಡಿಡುತ್ತ ಬಂದಿದ್ದೇನೆ. ಈಗ ಎರಡು ಕಬ್ಬಿಣದ ಟ್ರಂಕುಗಳಲ್ಲಿ 41 ಬಟ್ಟೆಗಳಿವೆ. ಒಂಬತ್ತು ಗಜದ ಇಳಕಲ್ ಸೀರೆಗಳು, ಮೊಳಕಾಲ್ಮೂರಿನ ರೇಷ್ಮೆ ಸೀರೆಗಳು, ಎರಡು ಮೈಸೂರು ಸಿಲ್ಕ್, ಬುಗ್ಗೆ ತೋಳಿನ ಜಂಪರುಗಳು, ಅಜ್ಜನ ಉಣ್ಣೆಯ ಕೋಟು ಮತ್ತು ಚಳ್ಳಕೆರೆ ಕಡೆಯ ಒಂದು ಕರಿ ಕಂಬಳಿ ಅವುಗಳಲ್ಲಿ ಸೇರಿವೆ. ಕಳೆದ ವಾರ ತೆರೆದು ನೋಡಿದಾಗ ಮೊಳಕಾಲ್ಮೂರಿನ ಒಂದು ಸೀರೆ ಮಡಿಕೆಯ ಉದ್ದಕ್ಕೂ ಕಾಗದದಂತೆ ಸೀಳಿಕೊಂಡಿತ್ತು, ಕಂಬಳಿಯ ಪಕ್ಕದಲ್ಲಿದ್ದ ಇನ್ನೊಂದು ಸೀರೆಯ ಜರಿ ಕಪ್ಪಾಗಿತ್ತು. ಎರಡೂ ಟ್ರಂಕುಗಳಲ್ಲಿ ನುಸಿಗುಳಿಗೆ ಹಾಕಿದ್ದೆ. ಮನೆ ಬಾಗಿಲಿಗೆ ಬಂದ ಹಳೆಯ ಜರಿ ಕೊಳ್ಳುವವರು ಆ ಕಪ್ಪಾದ ಸೀರೆಯನ್ನು ತೂಗಿ ನೋಡಿ ಆರು ಸಾವಿರ ರೂಪಾಯಿ ಕೊಡುವುದಾಗಿ ಹೇಳಿದರು. ನಾನು ಕೊಡಲಿಲ್ಲ. ಇವು ಯಾವ ಕಾಲದವೆಂದು ತಿಳಿಯುವುದು ಹೇಗೆ, ಇವುಗಳ ಬೆಲೆ ಏನೆಂದು ಭಾವಿಸಬೇಕು, ಇನ್ನು ಮುಂದೆ ಹೇಗೆ ಇಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ದಾವಣಗೆರೆ, ಜವಳಿ ಅಂಗಡಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು)

ತಾಯಿ, ಬಟ್ಟೆಯನ್ನು ನೋಡುವ ಮೊದಲು ಅದರ ಜೊತೆಗಿರುವ ಕಾಗದವನ್ನು ನೋಡಿರಿ. ಟ್ರಂಕಿನ ತಳದಲ್ಲಿ ಹಾಸಿದ ಪತ್ರಿಕೆ, ಸೀರೆಯ ಡಬ್ಬಿ, ಅಂಗಡಿಯ ಚೀಟಿ, ಕೋಟಿನ ಒಳಜೇಬಿನ ಮೇಲಿರುವ ದರ್ಜಿಯ ಪಟ್ಟಿ, ಇವುಗಳಲ್ಲಿ ಒಂದನ್ನೂ ಎಸೆಯಬೇಡಿರಿ. ಚೀಟಿಯಲ್ಲಿ ಬೆಲೆ ರೂಪಾಯಿ, ಆಣೆ, ಪೈಗಳಲ್ಲಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು, ಏಕೆಂದರೆ ದಶಮಾಂಶ ನಾಣ್ಯ ಜಾರಿಗೆ ಬಂದದ್ದು ಅಂದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಅಳತೆ ಗಜದಲ್ಲಿದೆಯೋ ಮೀಟರಿನಲ್ಲಿದೆಯೋ ಎಂಬುದೂ ಸುಳಿವು ಕೊಡುತ್ತದೆ, ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಬಂದಿತು. ಆದರೆ ಸೀರೆಯ ಮಾತಿನಲ್ಲಿ ಗಜ ಇಂದಿಗೂ ಉಳಿದಿರುವುದರಿಂದ ಅದೊಂದನ್ನೇ ನಂಬಬಾರದು. ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಮೊದಲಿನದು. ಆರು ಅಂಕಿಗಳ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ನಮ್ಮ ಊರಿನ ಚೀಟಿಯಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ಅದು 1997ಕ್ಕಿಂತ ಹಿಂದಿನದಾಗಿರುವ ಸಂಭವವೇ ಹೆಚ್ಚು, ಆ ವರ್ಷದ ಆಗಸ್ಟ್‌ನಲ್ಲಿ ನಮ್ಮದು ಬೇರೆ ಜಿಲ್ಲೆಯಾಯಿತು. ಹಳೆಯ ಚೀಟಿ ಪುಸ್ತಕ ಮುಗಿಯುವ ತನಕ ಅಂಗಡಿಯವರು ಅದನ್ನೇ ಹರಿದು ಕೊಡುತ್ತಿದ್ದರು, ನಾನೂ ಕೊಟ್ಟಿದ್ದೇನೆ. ಆದ್ದರಿಂದ ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿರಿ.

ಕಾಗದ ಸಿಗದಿದ್ದರೆ ಬಟ್ಟೆಯೇ ಹೇಳಬೇಕು. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ನಡುವೆ ಹಾಸು ನೂಲುಗಳನ್ನು, ಅಂದರೆ ಉದ್ದಕ್ಕೆ ಹಾಯುವ ನೂಲುಗಳನ್ನು, ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಕೊಂಡಿ ಇದ್ದರೆ ಕೈಮಗ್ಗದ ಕೆಲಸವೆಂದು ತಿಳಿಯಬಹುದು, ಕಾಲವನ್ನು ಮಾತ್ರ ಅದು ಹೇಳುವುದಿಲ್ಲ. ಮೈಸೂರಿನ ರೇಷ್ಮೆ ಕಾರ್ಖಾನೆ 1912ರಲ್ಲಿ ಆರಂಭವಾದದ್ದು. ಈಗಿನ ಮೈಸೂರು ಸಿಲ್ಕ್ ಸೀರೆಯ ಮೇಲೆ ಸಂಕೇತ ಸಂಖ್ಯೆಯನ್ನು ಕಸೂತಿ ಹಾಕಿರುತ್ತಾರೆ, ಹಳೆಯ ಸೀರೆಯಲ್ಲಿ ಅದು ಇಲ್ಲದಿದ್ದರೆ ನಕಲಿಯೆಂದು ತೀರ್ಮಾನಿಸಬೇಡಿರಿ. ರೇಷ್ಮೆಯೋ ಅಲ್ಲವೋ ಎಂಬ ಅನುಮಾನವಿದ್ದರೆ ಅಂಚಿನ ಒಂದು ಎಳೆಯನ್ನು ಸುಟ್ಟು ನೋಡಿರಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಉತ್ತರ 2 (ಚಿತ್ರದುರ್ಗ ಜಿಲ್ಲೆ, ನೇಕಾರರ ಮನೆಯವಳು)

ಹಿರಿಯರು ಹೇಳಿದ್ದೆಲ್ಲ ಸರಿಯಾಗಿದೆ. ಆದರೆ ಅಂಚಿನಿಂದ ಎಳೆ ಕೀಳುವುದನ್ನು ನಾನು ಒಪ್ಪುವುದಿಲ್ಲ. ಸೀರೆಯ ಒಳತುದಿಯಲ್ಲಿ ಬಿಚ್ಚಿಕೊಂಡಿರುವ ಎಳೆಯನ್ನು ಮಾತ್ರ ತೆಗೆಯಬೇಕು, ಹಳೆಯ ಅಂಚು ಒಮ್ಮೆ ಬಿಟ್ಟುಕೊಂಡರೆ ಅದನ್ನು ತಡೆಯುವುದು ಕಷ್ಟ.

ಬೆಲೆಯ ವಿಷಯಕ್ಕೆ ಬರುತ್ತೇನೆ. ಬಾಗಿಲಿಗೆ ಬಂದವರು ಕೊಡಲು ಬಂದದ್ದು ಸೀರೆಯ ಬೆಲೆಯನ್ನಲ್ಲ, ಅದರೊಳಗಿನ ಬೆಳ್ಳಿಯ ಬೆಲೆಯನ್ನು. ಅಸಲಿ ಜರಿಯೆಂದರೆ ರೇಷ್ಮೆಯ ನೂಲಿಗೆ ಚಪ್ಪಟೆ ಮಾಡಿದ ಬೆಳ್ಳಿಯ ತಂತಿಯನ್ನು ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಬಿಚ್ಚಿಕೊಂಡ ಒಂದು ಎಳೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದಾಗ ಒಳಗೆ ಬಿಳಿ ಹೊಳಪು ಕಂಡರೆ ಬೆಳ್ಳಿ, ಲೋಹವೇ ಕೆಂಪಾಗಿ ಕಂಡರೆ ತಾಮ್ರದ ಜರಿ. ಜರಿ ಕಪ್ಪಾಗಿದೆಯೆಂದು ನೀವು ಬೇಸರಪಟ್ಟಿದ್ದೀರಿ, ಆದರೆ ಅದು ಲೋಹದ ಜರಿಯೆಂಬುದಕ್ಕೆ ಅದೇ ಸುಳಿವು, ಪ್ಲಾಸ್ಟಿಕ್ ಜರಿ ಹಾಗೆ ಕಪ್ಪಾಗುವುದೇ ಇಲ್ಲ. ಕರಗಿಸುವವರ ಬೆಲೆಯನ್ನು ಕನಿಷ್ಠ ಬೆಲೆಯೆಂದು ಮಾತ್ರ ತಿಳಿಯಿರಿ. ಸಂಗ್ರಾಹಕರು ನೋಡುವುದು ನೇಯ್ಗೆ, ಸ್ಥಿತಿ ಮತ್ತು ಯಾರು, ಎಂದು, ಎಲ್ಲಿ ಕೊಂಡರೆಂಬ ದಾಖಲೆಯನ್ನು. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಗುರುತು (ಜಿಐ, ಆ ಊರಿನದೇ ವಿಶೇಷ ಉತ್ಪನ್ನವೆಂಬ ಮಾನ್ಯತೆ) ದೊರೆತದ್ದು 2011ರಲ್ಲಿ. ಅದಕ್ಕೂ ದಶಕಗಳ ಹಿಂದಿನ, ನವಿಲು ಮತ್ತು ಹಣ್ಣುಗಳ ಬುಟ್ಟಾ ಇರುವ ಸೀರೆಯೊಂದು ಮನೆತನದ ವಿವರದೊಂದಿಗೆ ಉಳಿದಿದ್ದರೆ ಅದನ್ನು ತೂಕಕ್ಕೆ ಕೊಡುವುದು ನಷ್ಟ. ನಮ್ಮ ಮನೆಯಲ್ಲಿ ಅಜ್ಜಿಯ ಧಾರೆ ಸೀರೆಯನ್ನು ಹಾಗೆಯೇ ಕೊಟ್ಟುಬಿಟ್ಟರು, ಆ ಸೆರಗಿನ ವಿನ್ಯಾಸವನ್ನು ಮತ್ತೆ ಬರೆದುಕೊಳ್ಳಲು ಒಂದು ಚಿತ್ರವೂ ನಮ್ಮಲ್ಲಿಲ್ಲ. ಆದ್ದರಿಂದ ಪ್ರತಿ ಬಟ್ಟೆಗೂ ಒಂದು ಸಂಖ್ಯೆ ಕೊಟ್ಟು ಸೆರಗು, ಅಂಚು, ಒಡಲು, ಹಾನಿಯಾದ ಜಾಗ ಇವುಗಳ ಚಿತ್ರ ತೆಗೆದು, ಉದ್ದಗಲವನ್ನೂ ಅತ್ತೆಯವರು ಹೇಳುವ ಸಂಗತಿಯನ್ನೂ ಅವರ ಮಾತಿನಲ್ಲಿಯೇ ಬರೆದಿಡಿರಿ. ಇದನ್ನು ಮುಂದೂಡಬೇಡಿರಿ. ನೂರು ವರ್ಷ ದಾಟಿದ ಬಟ್ಟೆ ಇದ್ದರೆ ಅದು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ.

ಉತ್ತರ 3 (ಚಿತ್ರದುರ್ಗದಿಂದ)

ಇಡುವ ಕ್ರಮದ ಬಗ್ಗೆ ಮಾತ್ರ ಬರೆಯುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕಂಬಳಿ. ಉಣ್ಣೆಯಲ್ಲಿ ಗಂಧಕದ ಅಂಶವಿರುತ್ತದೆ, ಮುಚ್ಚಿದ ಟ್ರಂಕಿನಲ್ಲಿ ಅದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ರಬ್ಬರ್ ಬ್ಯಾಂಡ್ ಕೂಡ ಅದೇ ಕೆಲಸ ಮಾಡುತ್ತದೆ. ಕೋಟು ಮತ್ತು ಕಂಬಳಿಯನ್ನು ಇಂದೇ ಬೇರೆ ಟ್ರಂಕಿಗೆ ಹಾಕಿರಿ. ಕಪ್ಪಾದ ಜರಿಯನ್ನು ಹುಣಸೆಹಣ್ಣು, ವಿಭೂತಿ ಯಾವುದರಿಂದಲೂ ಉಜ್ಜಬೇಡಿರಿ, ಚಿನ್ನದ ಲೇಪ ಹೋಗಿಬಿಡುತ್ತದೆ. ನುಸಿಗುಳಿಗೆಯನ್ನೂ ಬಿಡುವುದೇ ಒಳ್ಳೆಯದು, ಅದರ ಹಬೆ ಕೂಸುಗಳಿಗೆ ವಿಷವಾಗಬಲ್ಲದು. ಒಣಗಿಸಿದ ಬೇವಿನ ಎಲೆಯನ್ನು ಬಟ್ಟೆಗೆ ತಾಗದಂತೆ ಸಣ್ಣ ಚೀಲದಲ್ಲಿಡಬಹುದು, ಆದರೆ ಹುಳ ಬಿದ್ದ ಮೇಲೆ ಬೇವು ಕೆಲಸಕ್ಕೆ ಬಾರದು. ಕಂಬಳಿಗೆ ನೇಯುವಾಗ ಹುಣಸೆ ಬೀಜದ ಗಂಜಿ ಕೊಟ್ಟಿರುವುದರಿಂದ ಅದಕ್ಕೆ ಹುಳದ ಕಾಟ ಹೆಚ್ಚು. ಹುಳ ಸಾಯುವಂತೆ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚದೆ ಬಿಡಿರಿ.

ಸೀರೆಗಳನ್ನು ಗಂಜಿಯಿಲ್ಲದೆ ಹಲವು ಬಾರಿ ಒಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿರಿ, ಟ್ರಂಕಿನ ಒಳಗೂ ಅದನ್ನೇ ಹಾಸಿರಿ. ಮಡಿಕೆಯ ಸೀಳಿಗೆ ಕಾರಣ, ವರ್ಷಗಟ್ಟಲೆ ಅದೇ ಗೆರೆಯಲ್ಲಿ ಮಡಿಚಿದ್ದು. ಜರಿಯ ಲೋಹ ಅಲ್ಲಿ ರೇಷ್ಮೆಯನ್ನು ಕತ್ತರಿಸುತ್ತದೆ. ಮೂರು ತಿಂಗಳಿಗೊಮ್ಮೆ ಗೆರೆ ಬದಲಿಸಿ ಮಡಿಚಿರಿ, ಮಡಿಕೆಯೊಳಗೆ ಮೃದುವಾದ ಬಟ್ಟೆಯ ಸುರುಳಿ ಇಡಿರಿ. ಭಾರದ ಸೀರೆಯನ್ನು ತೂಗುಹಾಕಬೇಡಿರಿ. ಸೀಳಿದ ಸೀರೆಗೆ ಇಸ್ತ್ರಿ, ಅಂಟು, ಡ್ರೈ ಕ್ಲೀನಿಂಗ್ ಯಾವುದೂ ಬೇಡ, ಅಡಿಯಲ್ಲಿ ತೆಳುವಾದ ರೇಷ್ಮೆ ಬಟ್ಟೆ ಕೊಟ್ಟು ಗಟ್ಟಿ ಜಾಗಕ್ಕೆ ಮಾತ್ರ ಸಣ್ಣ ಸೂಜಿಯಿಂದ ಹೊಲಿಯಬೇಕು. ಗಾಳಿಗೆ ಹರಡುವುದಿದ್ದರೆ ದೀಪಾವಳಿ ಕಳೆದ ಮೇಲೆ, ನೆರಳಿನಲ್ಲಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಕಂಬಳಿ ಮತ್ತು ಕೋಟನ್ನು ಆ ರಾತ್ರಿಯೇ ಬೇರ್ಪಡಿಸಿದೆ. ಟ್ರಂಕಿನ ತಳದ ಪತ್ರಿಕೆ ಎತ್ತಿದಾಗ ಅದರಡಿಯಲ್ಲಿ ನಾಲ್ಕಾಗಿ ಮಡಿಚಿದ ಒಂದು ಚೀಟಿ ಸಿಕ್ಕಿತು. ಶಾಯಿ ಕಂದು ಬಣ್ಣಕ್ಕೆ ತಿರುಗಿದ್ದರೂ ‘ರೇಷ್ಮೆ ಸೀರೆ 1, ರೂ. 62-8-0’ ಎಂಬುದನ್ನು ಓದಬಹುದಾಗಿದೆ, ಅಂದರೆ 62 ರೂಪಾಯಿ 8 ಆಣೆ. ಅತ್ತೆಯವರು ಅದನ್ನು ನೋಡಿ, ಸೀಳಿರುವ ಸೀರೆಯೇ ಅದು, ತಮ್ಮ ತಾಯಿ ತಮಗೆ ಉಡಿಸಲೆಂದು ಎತ್ತಿಟ್ಟಿದ್ದು ಎಂದು ಹೇಳಿದರು. ಅವರು ಹೇಳಿದ್ದನ್ನು ಬರೆದುಕೊಂಡು ಸೀರೆಗೆ 1 ಎಂಬ ಸಂಖ್ಯೆ ಕೊಟ್ಟಿದ್ದೇನೆ. ಅಡಿಬಟ್ಟೆ ಹೊಲಿಯುವ ಕೆಲಸವನ್ನು ದೀಪಾವಳಿಯ ನಂತರ ಅವರ ಎದುರಿನಲ್ಲಿಯೇ ಮಾಡುತ್ತೇನೆ.